ಕೋವಿಯ ಸದ್ದಿನಿಂದ ದೂರವಾಣಿಯ ಕರೆಗೆ

ಕೊಡಗಿನ ಮನೆಗಳು ಬಯಲುಸೀಮೆಯ ಮನೆಗಳಂತೆ ಒಂದರ ಗೋಡೆಗೆ ಇನ್ನೊಂದು ಒರಗಿ ನಿಂತವಲ್ಲ. ಗದ್ದೆಯ ಅಂಚಿನಲ್ಲೊಂದು, ಗುಡ್ಡದ ಮಗ್ಗುಲಲ್ಲೊಂದು, ಕಾಫಿ ತೋಟದ ನಡುವೆ ಮತ್ತೊಂದು. ಎರಡು ಮನೆಗಳ ನಡುವೆ ಒಂದು ತೋಡೋ ಒಂದು ಕಾಡಿನ ತುಂಡೋ ಇರುವುದೇ ಹೆಚ್ಚು. ಮಳೆಗಾಲದಲ್ಲಂತೂ ಹಂಚಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ಜಗಲಿಯಿಂದ ಕೂಗಿದ್ದು ಅಂಗಳದ ಆಚೆಗೆ ಕೇಳುವುದಿಲ್ಲ. ಇಂಥ ಮನೆಗೆ ರಾತ್ರಿಯ ಹೊತ್ತಿನಲ್ಲಿ ಆಪತ್ತು ಬಂದರೆ ನೆರೆಯವರಿಗೆ ತಿಳಿಯುವುದು ಹೇಗೆ? ಈ ಪ್ರಶ್ನೆ ಹಳೆಯದು. ಕಾಲಕಾಲಕ್ಕೆ ಜನ ಅದಕ್ಕೆ ಕೊಟ್ಟುಕೊಂಡ ಉತ್ತರಗಳಲ್ಲಿ ಕೆಲವನ್ನು ಇಲ್ಲಿ ನೆನೆಯಬಹುದು.

ಮೊದಲನೆಯ ಉತ್ತರ ನೆಲವನ್ನೇ ಅಗೆದು ಕೊಟ್ಟದ್ದು. ಕೊಡಗಿನ ಗುಡ್ಡಗಳ ಮೇಲೆ ಮೈಲುಗಟ್ಟಲೆ ಹರಿದಿರುವ ಕಡಂಗಗಳನ್ನು ನೋಡಿದವರಿಗೆ ಇದು ತಿಳಿದ ವಿಷಯ. ಆಳವಾದ ಕಂದಕ, ಅದರ ಮಣ್ಣನ್ನೇ ಒಟ್ಟಿದ ಏರಿ: ಇಷ್ಟೇ ಅದರ ರಚನೆ. 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದ ಪಾದ್ರಿ ರಿಕ್ಟರ್ ಇವುಗಳ ವಿಸ್ತಾರವನ್ನು ಕಂಡು ಬೆರಗಾದವರಲ್ಲಿ ಒಬ್ಬರು. ಕಡಂಗವೆಂಬ ಹೆಸರನ್ನು ಇಂದಿಗೂ ಹೊತ್ತಿರುವ ಊರು ವಿರಾಜಪೇಟೆಯ ಕಡೆಗಿದೆ. ನಾಡಿಗೆ ಕಡಂಗವಿದ್ದಂತೆ ಐನ್‌ಮನೆಗೆ ಓಣಿ. ಎತ್ತರದಲ್ಲಿ ಕಟ್ಟಿದ ಮನೆಗೆ ಎರಡೂ ಬದಿಯಲ್ಲಿ ಗೋಡೆಯಿರುವ, ಬಳುಕಿ ಏರುವ ಇಕ್ಕಟ್ಟಾದ ದಾರಿ. ಬರುವವನು ಬಂಧುವಾದರೂ ಶತ್ರುವಾದರೂ ಅದರೊಳಗಿಂದಲೇ ಬರಬೇಕು.

ಆದರೆ ಕಂದಕವಾಗಲಿ ಓಣಿಯಾಗಲಿ ತಡೆಯಬಲ್ಲದೇ ಹೊರತು ಸುದ್ದಿ ಹೇಳಲಾರದು. ಆ ಕೆಲಸಕ್ಕೆ ಬಂದದ್ದು ಕೋವಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು: ಕೊಡವರ ಈ ಪದ್ಧತಿ ಪ್ರಸಿದ್ಧವಾದದ್ದು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ಮುಂದೆ ದೇಶದ ಜನರಿಂದ ಆಯುಧಗಳನ್ನು ಕಸಿಯುವ ಕಾಯಿದೆ ಬಂದಾಗ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ರೂಪಾಂತರ ಹೊಂದುತ್ತಾ ಇಂದಿಗೂ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಇದನ್ನು ಶೌರ್ಯದ ಲಾಂಛನವೆಂದು ವರ್ಣಿಸುವವರು ಬಹಳ ಮಂದಿ. ನನಗೆ ಮುಖ್ಯವಾಗಿ ಕಾಣುವುದು ಮತ್ತೊಂದು ಸಂಗತಿ. ಎರಡು ಗುಂಡು ಕೇಳಿದವನು ಹೊದಿಕೆ ಎಳೆದುಕೊಂಡು ಮಲಗುವಂತಿಲ್ಲ, ಹೊರಡಬೇಕು. ಸದ್ದಿನ ಅರ್ಥದ ಜೊತೆಗೆ ಕೇಳಿದವನ ಕರ್ತವ್ಯವೂ ಮೊದಲೇ ಗೊತ್ತಾಗಿತ್ತು.

ಇತ್ತ ಕೋವಿಯ ಸದ್ದು ಸುದ್ದಿ ಮುಟ್ಟಿಸುತ್ತಿದ್ದ ಕಾಲದಲ್ಲಿಯೇ ಅಮೆರಿಕದ ನಗರಗಳಲ್ಲಿ ಅದೇ ಪ್ರಶ್ನೆಗೆ ಬೇರೆ ಉತ್ತರ ಸಿದ್ಧವಾಗುತ್ತಿತ್ತು. ಬಾಸ್ಟನ್ ನಗರದ ಸಮೀಪದ ಸಾಮರ್‌ವಿಲ್ಲಿನ ಆಗಸ್ಟಸ್ ಪೋಪ್ ಎಂಬಾತ 1853ರಲ್ಲಿ ವಿದ್ಯುತ್ತಿನ ಕಳ್ಳಗಂಟೆಗೆ ಹಕ್ಕುಪತ್ರ ಪಡೆದ. ಬಾಗಿಲು ಅಥವಾ ಕಿಟಕಿ ತೆರೆದೊಡನೆ ತಂತಿಗಳೆರಡು ಕೂಡಿ ಮನೆಯೊಳಗೆ ಗಂಟೆ ಬಾರಿಸುವುದು ಅದರ ಕ್ರಮ. ಆ ಹಕ್ಕನ್ನು ಕೊಂಡು ವ್ಯಾಪಾರವಾಗಿ ಬೆಳೆಸಿದವನು ಎಡ್ವಿನ್ ಹೋಮ್ಸ್. ಗಂಟೆ ಮನೆಯಲ್ಲಷ್ಟೇ ಹೊಡೆದುಕೊಂಡರೆ ಸಾಲದು, ಬೇರೆಡೆ ಎಚ್ಚರವಾಗಿ ಕುಳಿತವನೊಬ್ಬನಿಗೆ ತಿಳಿಯಬೇಕು ಎಂಬುದು ಹೋಮ್ಸ್ ಕುಟುಂಬ ಕಂಡುಕೊಂಡ ಸತ್ಯ. ಅದಕ್ಕಾಗಿ ಬ್ಯಾಂಕುಗಳಿಂದ ತಮ್ಮ ಕಚೇರಿಗೆ ತಂತಿ ಎಳೆಸಿದರು. ಬೆಲ್ ಮಹಾಶಯ ದೂರವಾಣಿಯನ್ನು ಕಂಡುಹಿಡಿದ ಮರುವರ್ಷ, 1877ರ ಮೇ ತಿಂಗಳಿನಲ್ಲಿ, ಬಾಸ್ಟನ್ನಿನ ಅದೇ ತಂತಿಗಳಿಗೆ ದೂರವಾಣಿಗಳನ್ನು ಕೂಡಿಸಿ ಒಂದರಿಂದ ಇನ್ನೊಂದಕ್ಕೆ ಮಾತು ಹಾಯಿಸಿದರು. ಹಗಲು ಮಾತು, ರಾತ್ರಿ ಕಾವಲು. ದೂರವಾಣಿ ವಿನಿಮಯ ಕೇಂದ್ರದ ಮೊದಲ ರೂಪಗಳಲ್ಲೊಂದು ಹುಟ್ಟಿದ್ದು ಹೀಗೆ, ಕಳ್ಳರ ಭಯದ ತಂತಿಯ ಮೇಲೆ.

ನಮ್ಮ ದೇಶಕ್ಕೆ ಬಂದರೆ, ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ಕೇಂದ್ರಗಳು ತೆರೆದದ್ದು 1882ರಲ್ಲಿ. ಹಳ್ಳಿಗಳು ಅದಕ್ಕಾಗಿ ಬಹುಕಾಲ ಕಾಯಬೇಕಾಯಿತು. ಧೂಳು, ಸೆಕೆ, ಅನಿಶ್ಚಿತ ವಿದ್ಯುತ್ತು ಇವುಗಳನ್ನು ತಾಳಿಕೊಂಡು ತಾನಾಗಿ ಕೆಲಸ ಮಾಡುವ ಸ್ವದೇಶಿ ಗ್ರಾಮೀಣ ವಿನಿಮಯ ಕೇಂದ್ರವನ್ನು ಸಿ-ಡಾಟ್ ಸಂಸ್ಥೆ 1986ರಲ್ಲಿ ಮೊದಲು ಸ್ಥಾಪಿಸಿದ್ದು ನಮ್ಮ ಕಿತ್ತೂರಿನಲ್ಲಿ ಎಂಬುದನ್ನು ಕನ್ನಡಿಗರು ಮರೆಯಬಾರದು. ಇಂಥ ಕೇಂದ್ರಗಳು ಬಂದ ಮೇಲೆಯೇ ದೂರದ ತೋಟದ ಮನೆಯೂ ಮಧ್ಯೆ ಯಾರನ್ನೂ ಬೇಡದೆ ನೇರವಾಗಿ ನಂಬರು ತಿರುಗಿಸುವಂತಾಯಿತು. ಮನುಷ್ಯ ತಿರುಗಿಸಬಲ್ಲ ನಂಬರನ್ನು ಯಂತ್ರವೂ ತಿರುಗಿಸಬಹುದಲ್ಲವೇ? ಕಾವಲಿನ ಪೆಟ್ಟಿಗೆಗೆ ದೂರವಾಣಿಯನ್ನು ಜೋಡಿಸುವ ‘ಡಯಲರ್’ ಎಂಬ ಉಪಕರಣದ ಮೂಲ ಇಷ್ಟೇ.

ಅದರ ಕ್ರಮ ಸರಳವಾದದ್ದು. ಬಾಗಿಲಿನಲ್ಲಿ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ಒಂದು ಸಣ್ಣ ಸ್ವಿಚ್ಚು. ಬಾಗಿಲು ಮುಚ್ಚಿರುವಷ್ಟು ಹೊತ್ತು ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ ಹರಿವು ನಿಲ್ಲುತ್ತದೆ, ಕಳ್ಳ ಜಾಣನಾಗಿ ತಂತಿ ಕತ್ತರಿಸಿದರೂ ನಿಲ್ಲುತ್ತದೆ. ಪೋಪನ ಗಂಟೆ ಕತ್ತರಿಸಿದರೆ ಮೂಕವಾಗುತ್ತಿತ್ತು, ಇದು ಹಾಗಲ್ಲ. ಹರಿವು ನಿಂತೊಡನೆ ಪೆಟ್ಟಿಗೆ ಡಯಲರಿಗೆ ಸೂಚನೆ ಕೊಡುತ್ತದೆ. ಅದು ದೂರವಾಣಿಯ ತಂತಿಯನ್ನು ಹಿಡಿದು, ಮೊದಲೇ ಬರೆದಿಟ್ಟ ನಂಬರುಗಳನ್ನು ಒಂದೊಂದಾಗಿ ಕರೆದು, ಧ್ವನಿಮುದ್ರಿಸಿದ ಮಾತನ್ನು ಹೇಳುತ್ತದೆ. ಇಲ್ಲಿ ಎಚ್ಚರ ವಹಿಸಬೇಕಾದದ್ದು ಒಂದೇ. ಹೊರಗಿನಿಂದ ಬಂದ ತಂತಿ ಮೊದಲು ಡಯಲರನ್ನು ಹೊಕ್ಕು, ಅನಂತರ ಮನೆಯ ದೂರವಾಣಿಗೆ ಹೋಗಬೇಕು.

ಇದನ್ನು ನಾನು ತಪ್ಪಿನಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಇದನ್ನು ಹಾಕಿಸಿದಾಗ, ಕೆಲಸಕ್ಕೆ ಬಂದ ಹುಡುಗ ದೂರವಾಣಿಯ ತಂತಿಗೇ ಒಂದು ಕವಲು ಕಟ್ಟಿ ಹೋದ. ಪರೀಕ್ಷಿಸಿ ನೋಡಿದರೆ ಯಂತ್ರ ಸುಮ್ಮನಿತ್ತು. ಕೋಣೆಯಲ್ಲಿ ರಿಸೀವರು ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ಒಳಗೆ ಬಂದ ಕಳ್ಳ ರಿಸೀವರನ್ನು ಎತ್ತಿಟ್ಟಿದ್ದರೆ ಸಾಕಿತ್ತು, ಯಂತ್ರದ ಬಾಯಿ ಕಟ್ಟಿಹೋಗುತ್ತಿತ್ತು. ಅವನನ್ನು ಮತ್ತೆ ಕರೆಸಿ ಕ್ರಮ ಬದಲಿಸಿದೆವು. ಇನ್ನು ಯಂತ್ರ ಕರೆಯುವಾಗ ಮನೆಯ ದೂರವಾಣಿ ತಾನಾಗಿ ಕಡಿದುಹೋಗುತ್ತದೆ.

ನಂಬರುಗಳನ್ನು ಬರೆಯುವಾಗ ಮೊದಲನೆಯದು ಬೆಂಗಳೂರಿನಲ್ಲಿರುವ ಮಗನದು, ಎರಡನೆಯದು ಮೈಸೂರಿನ ಮಗಳದು. ತೋಡಿನ ಆಚೆಯ ಮನೆಯವರದನ್ನು ಬರೆಯಲಿಲ್ಲ. ಆ ಬೇಸಗೆಯಲ್ಲಿ ನೀರಿನ ಕಾಲುವೆಯ ವಿಷಯಕ್ಕೆ ನಮ್ಮಲ್ಲಿ ನಾಲ್ಕು ಮಾತು ಬಂದಿತ್ತು, ಮಾತು ನಿಂತಿತ್ತು.

ಆ ಜುಲೈ ತಿಂಗಳ ಒಂದು ರಾತ್ರಿ ಗಾಳಿಯ ಹೊಡೆತಕ್ಕೆ ಹಿತ್ತಲ ಬಾಗಿಲಿನ ಅಗುಳಿ ಕಳಚಿತು. ಯಂತ್ರ ಮಗನನ್ನು ಎಬ್ಬಿಸಿತು. ಅವನು ಗಾಬರಿಯಿಂದ ಮನೆಗೆ ಕರೆ ಮಾಡಿದರೆ ತಂತಿ ಎಂಗೇಜು: ಯಂತ್ರ ಆಗ ಅವನ ತಂಗಿಯನ್ನು ಕರೆಯುತ್ತಿತ್ತು. ಬೇರೆ ದಾರಿ ಕಾಣದೆ ಅವನು ಕರೆದದ್ದು ತೋಡಿನ ಆಚೆಯ ಮನೆಗೆ. ನಾವು ಟಾರ್ಚು ಹುಡುಕಿ ಬಾಗಿಲು ಭದ್ರಪಡಿಸುವಷ್ಟರಲ್ಲಿ ಆತ ಮಗನೊಡನೆ, ಕೈಯಲ್ಲಿ ಕೋವಿ ಹಿಡಿದು, ಮೊಣಕಾಲುದ್ದ ನೀರಿನ ತೋಡು ದಾಟಿ ಅಂಗಳದಲ್ಲಿ ನಿಂತಿದ್ದರು. ಗಾಳಿಯೆಂದು ತಿಳಿದ ಮೇಲೆ ಕಾಫಿ ಕುಡಿಯುತ್ತಾ ಅವರು ಹೇಳಿದ್ದು ಇಷ್ಟು: “ಇಲ್ಲಿಂದ ಇಲ್ಲಿಗೆ ಸುದ್ದಿ ಬೆಂಗಳೂರು ಸುತ್ತಿ ಬರಬೇಕಾಯಿತಲ್ಲ ಮೇಷ್ಟ್ರೇ. ನನ್ನ ನಂಬರು ಇರಲಿಲ್ಲವೇ?” ಇತ್ತು. ಕ್ಯಾಲೆಂಡರಿನ ಮೇಲೆಯೇ ಬರೆದಿತ್ತು. ನಾನು ಉತ್ತರ ಕೊಡಲಿಲ್ಲ.

ಇಂದು ತಂತಿಯ ದೂರವಾಣಿ ಒಂದೊಂದಾಗಿ ಮನೆಗಳನ್ನು ಬಿಟ್ಟು ಹೋಗುತ್ತಿದೆ. ಈಗಿನ ಪೆಟ್ಟಿಗೆಯೊಳಗೆ ಮೊಬೈಲಿನ ಸಿಮ್ ಕೂತಿದೆ. ಕತ್ತರಿಸಲು ಹೊರಗೆ ತಂತಿಯೇ ಇಲ್ಲ. ಆದರೂ 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ, ಹಲವೆಡೆ ದಾರಿಯ ಜೊತೆಗೆ ವಿದ್ಯುತ್ತೂ ದೂರವಾಣಿಯೂ ಹೋದವು. ಆಗ ಕೆಸರಿನಲ್ಲಿ ಮೊದಲು ನಡೆದು ಬಂದವರು ಅಕ್ಕಪಕ್ಕದವರೇ. ಮಕ್ಕಳು ಊರು ಬಿಟ್ಟು, ವೃದ್ಧ ದಂಪತಿಗಳಷ್ಟೇ ಉಳಿದ ಮನೆಗಳು ಕೊಡಗಿನಲ್ಲಿ ಈಗ ಕಡಿಮೆಯಲ್ಲ. ಅವರು ಇಂಥ ಯಂತ್ರಗಳನ್ನು ಅಗತ್ಯವಾಗಿ ಹಾಕಿಸಿಕೊಳ್ಳಲಿ. ಹಾಕಿಸಿಕೊಳ್ಳುವ ದಿನ ನೆರೆಯವರ ಮನೆಗೆ ಒಮ್ಮೆ ಹೋಗಿ, ನಿಮ್ಮ ನಂಬರನ್ನು ಬರೆದುಕೊಳ್ಳಲೇ ಎಂದು ಕೇಳಿ ಬರಲಿ. ಕೋವಿಯ ಸದ್ದು ಯಾರನ್ನೂ ಆರಿಸಿ ಕರೆಯುತ್ತಿರಲಿಲ್ಲ, ಕೇಳಿದವರೆಲ್ಲ ಬರುತ್ತಿದ್ದರು. ಯಂತ್ರ ನಾವು ಬರೆದವರನ್ನು ಮಾತ್ರ ಕರೆಯುತ್ತದೆ.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮೊದಲನೆಯ ನಂಬರು ಮರುದಿನವೇ ಬದಲಾಯಿತು. ಕಾಲುವೆಯ ಮಾತೂ ಆ ವಾರದಲ್ಲೇ ಮುಗಿಯಿತು.

(ಆಕಾಶವಾಣಿ ಭಾಷಣ)