ಡ್ರುಪಲ್ 8: ಹೊಸ ಮನೆ ರೆಡಿ ಆಯ್ತು, ಹಳೇ ಮನೆಯವರು ಹೊರಡಲಿಲ್ಲ

ಇವತ್ತಿನ ಇತಿಹಾಸ ತೀರಾ ಹಳೇದೇನಲ್ಲ. 2011ರಿಂದ 2015ರವರೆಗೆ, ಸಾವಿರಾರು ಜನ ಸೇರಿ ಒಂದು ಸಾಫ್ಟ್‌ವೇರ್‌ನ ಎಂಟನೇ ಆವೃತ್ತಿ ಕಟ್ಟಿದ ಕತೆ. ಸಾಫ್ಟ್‌ವೇರ್ ಹೆಸರು ಡ್ರುಪಲ್. ಈ ಹೆಸರು ನೀವು ಕೇಳಿರಲಿಕ್ಕಿಲ್ಲ, ಆದ್ರೆ ಅದರಲ್ಲಿ ನಡೆಯೋ ತಾಣಗಳನ್ನ ಖಂಡಿತ ತೆರೆದಿರ್ತೀರಿ. ಭಾರತ ಸರ್ಕಾರದ ದತ್ತಾಂಶ ತಾಣ, ಅಂದ್ರೆ ಡೇಟಾ ಡಾಟ್ ಗವ್ ಡಾಟ್ ಇನ್, 2012ರಲ್ಲಿ ಶುರುವಾದಾಗ ಅದರ ಅಡಿಪಾಯ ಡ್ರುಪಲ್ಲೇ.

ಇಂಥ ಸಾಫ್ಟ್‌ವೇರ್ ಮಾಡೋ ಕೆಲಸ ಏನು? ನಾನು ಮೋಕದವನು, ಹಗರಿ ದಂಡೆಯ ಊರು. ಹಾಗಾಗಿ ಉದಾಹರಣೆನೂ ನಮ್ಮ ಕಡೆದೇ ಕೊಡ್ತೀನಿ. 2014ರ ನವೆಂಬರ್ 1ಕ್ಕೆ ನಮ್ಮ ಜಿಲ್ಲಾ ಕೇಂದ್ರದ ಇಂಗ್ಲಿಷ್ ಹೆಸರು ‘ಬೆಲ್ಲರಿ’ ಹೋಗಿ ‘ಬಳ್ಳಾರಿ’ ಆಯ್ತು. ಒಂದು ತಾಣದಲ್ಲಿ ಐದು ಸಾವಿರ ಪುಟ ಇದ್ದು, ಪ್ರತಿ ಪುಟದ ತಲೆಬರಹದಲ್ಲೂ ಕೈಯಲ್ಲೇ ಊರ ಹೆಸರು ಟೈಪ್ ಮಾಡಿದ್ರೆ ಐದು ಸಾವಿರ ಸಲ ತಿದ್ದಬೇಕು. ವಿಷಯ ನಿರ್ವಹಣಾ ವ್ಯವಸ್ಥೆ ಇದ್ರೆ ಊರ ಹೆಸರು ಒಂದೇ ಕಡೆ ಇರುತ್ತೆ, ಪುಟಗಳು ಅಲ್ಲಿಂದ ತಗೋತವೆ. ಒಂದು ಸಲ ತಿದ್ದಿದ್ರೆ ಮುಗೀತು. ಬರಹ ಬೇರೆ, ಅದನ್ನ ತೋರಿಸೋ ವಿನ್ಯಾಸ ಬೇರೆ. ಈ ಮಾತು ನೆನಪಿಟ್ಕೊಳ್ಳಿ, ಕತೆಯೆಲ್ಲಾ ಇದರ ಮೇಲೇ ನಿಂತಿದೆ.

ಡ್ರುಪಲ್ ಹುಟ್ಟಿದ್ದು ಬೆಲ್ಜಿಯಂನಲ್ಲಿ. ಆಂಟ್ವರ್ಪ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡ್ರೀಸ್ ಬೈಟಾರ್ಟ್, 2000ದಲ್ಲಿ ಹಾಸ್ಟೆಲ್ ಗೆಳೆಯರಿಗಾಗಿ ಒಂದು ಸಣ್ಣ ತಾಣ ಮಾಡಿದ. ಅದಕ್ಕೆ ‘ಡಾರ್ಪ್’ ಅಂತ ಹೆಸರಿಡೋ ಆಸೆ ಇತ್ತು. ಡಚ್ ಭಾಷೆಯಲ್ಲಿ ಹಾಗಂದ್ರೆ ಹಳ್ಳಿ. ವಿಳಾಸ ಟೈಪ್ ಮಾಡುವಾಗ ಅಕ್ಷರ ಹಿಂದುಮುಂದಾಗಿ ‘ಡ್ರಾಪ್’ ಆಯ್ತು, ಅಂದ್ರೆ ಹನಿ. ಹನಿಗೆ ಡಚ್ ಪದ ‘ಡ್ರುಪೆಲ್’, ಅದರಿಂದ ಡ್ರುಪಲ್. 2001ರ ಜನವರಿಯಲ್ಲಿ ಅದನ್ನ ಮುಕ್ತ ತಂತ್ರಾಂಶವಾಗಿ ಬಿಟ್ಟ. ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಹಂಚಬಹುದು.

ಕನ್ನಡಕ್ಕೂ ಇದು ಬೇಗನೇ ಬಂತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ ‘ಸಂಪದ’ ನಿಂತಿದ್ದು ಡ್ರುಪಲ್ ಮೇಲೆ. ಆಗ ಕನ್ನಡದಲ್ಲಿ ಟೈಪ್ ಮಾಡೋದೇ ಒಂದು ಸಾಹಸ. ಫೇಸ್‌ಬುಕ್ ನಮ್ಮ ಕಡೆ ಇನ್ನೂ ಕಾಲಿಟ್ಟಿರಲಿಲ್ಲ. ಕತೆ, ಹರಟೆ, ಪುಸ್ತಕದ ಮಾತು ಅಂತ ಜನ ಸಂಪದದಲ್ಲಿ ಯುನಿಕೋಡ್ ಕನ್ನಡದಲ್ಲಿ ಬರೆದ್ರು. ಒಬ್ಬ ವಿದ್ಯಾರ್ಥಿ ಬೇರೆ ದೇಶದಲ್ಲಿ ಪುಕ್ಕಟೆ ಕೊಟ್ಟ ಕೋಡ್, ಇಲ್ಲಿ ಕನ್ನಡದ ಜಗಲಿ ಆಯ್ತು.

ಈಗ ಮುಖ್ಯ ಕತೆ. 2011ರ ಜನವರಿ 5ಕ್ಕೆ ಡ್ರುಪಲ್ 7 ಬಂತು. ಎರಡೇ ತಿಂಗಳು, ಮಾರ್ಚ್‌ನಲ್ಲಿ ಶಿಕಾಗೋ ಸಮ್ಮೇಳನದಲ್ಲಿ ಬೈಟಾರ್ಟ್ ಎಂಟನೇ ಆವೃತ್ತಿಯ ಯೋಜನೆ ಮುಂದಿಟ್ಟರು. ಕೆಲಸವನ್ನ ವಿಭಾಗ ಮಾಡಿ, ಒಂದೊಂದಕ್ಕೆ ಒಬ್ಬೊಬ್ಬ ಹೊಣೆಗಾರರು. ಬಹುಭಾಷೆಯ ಹೊಣೆ ಹೊತ್ತವರು ಹಂಗೇರಿಯ ಗಾಬೋರ್ ಹೊಯ್ಚಿ. ನಮಗೆ ಮುಖ್ಯವಾದ ಭಾಗ ಇದೇ. ಡ್ರುಪಲ್ 7ರಲ್ಲಿ ಕನ್ನಡ-ಇಂಗ್ಲಿಷ್ ಎರಡೂ ಇರೋ ತಾಣ ಬೇಕಂದ್ರೆ ಮೆನುಗೆ ಒಂದು, ಬ್ಲಾಕಿಗೆ ಒಂದು ಅಂತ ಹೆಚ್ಚುವರಿ ತುಣುಕು ಜೋಡಿಸ್ತಾ ಹೋಗ್ಬೇಕಿತ್ತು. ಎಂಟರಲ್ಲಿ ಇದೆಲ್ಲ ಮೂಲದಲ್ಲೇ ಸೇರ್ತು. ಇನ್‌ಸ್ಟಾಲ್ ಮಾಡೋಕೆ ಕೂತ್ರೆ ಮೊದಲ ಪ್ರಶ್ನೆನೇ: ಯಾವ ಭಾಷೆ?

ಆದ್ರೆ ಒಳಗಡೆ ಇನ್ನೂ ದೊಡ್ಡ ಒಡೆತ ನಡೀತಿತ್ತು. 2012ರಲ್ಲಿ ‘ಸಿಮ್ಫನಿ’ ಅನ್ನೋ ಇನ್ನೊಂದು ಮುಕ್ತ ಯೋಜನೆಯ ಭಾಗಗಳನ್ನ ಅಡಿಪಾಯಕ್ಕೆ ತಂದ್ರು. ಕೋಡ್ ಬರೆಯೋ ಶೈಲಿನೇ ಬದಲಾಯ್ತು. ಏಳಕ್ಕೆ ಬರೆದಿದ್ದ ತುಣುಕುಗಳು ಎಂಟರಲ್ಲಿ ನಡೆಯಲ್ಲ. ಏಳರ ತಾಣವನ್ನ ಅಲ್ಲೇ ಮೇಲ್ದರ್ಜೆಗೆ ಏರಿಸೋ ಹಾಗೂ ಇಲ್ಲ. ಹೊಸ ತಾಣ ಕಟ್ಟಿ, ಹಳೇ ಬರಹವನ್ನ ಅದಕ್ಕೆ ಸಾಗಿಸ್ಬೇಕು.

ಇದರ ಕಷ್ಟ ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿ ಹೋಯ್ತಲ್ಲ, ಸಿರುಗುಪ್ಪ, ಕುರುಗೋಡಿನ ಭತ್ತದವರೆಲ್ಲ ಉಸಿರು ಹಿಡಿದು ಕೂತಿದ್ರು. ಡ್ಯಾಮ್ ಪೂರ್ತಿ ಖಾಲಿ ಮಾಡಿ ರಿಪೇರಿ ಮಾಡಿದ್ರೆ ಬೆಳೆ ಹೋಗುತ್ತೆ. ಅದಕ್ಕೆ ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟ್ ಇಳಿಸಿದ್ರು. ನಡೀತಿರೋ ತಾಣದ ಅಡಿಪಾಯ ಬದಲಿಸೋದೂ ಹಂಗೇ. ಓದೋರು ಬರ್ತಾನೇ ಇರ್ತಾರೆ, ಬರೆಯೋರು ಬರೀತಾನೇ ಇರ್ತಾರೆ. ‘ಸ್ವಲ್ಪ ದಿನ ನಿಲ್ಲಿ’ ಅನ್ನೋ ಹಾಗಿಲ್ಲ.

ಒಳಗಿನವರಲ್ಲೇ ಅಸಮಾಧಾನ ಹುಟ್ತು. 2013ರಲ್ಲಿ ನೇಟ್ ಮತ್ತು ಜೆನ್ ಲ್ಯಾಂಪ್ಟನ್ ಏಳರ ಕೋಡ್ ತಗೊಂಡು ‘ಬ್ಯಾಕ್‌ಡ್ರಾಪ್’ ಅನ್ನೋ ಕವಲು ಶುರು ಮಾಡಿದ್ರು. ಸಣ್ಣ ಸಂಸ್ಥೆ, ಸಣ್ಣ ಬಜೆಟ್ ಇರೋರು ಹಿಂದೆ ಉಳೀಬಾರದು ಅನ್ನೋದು ಅವರ ವಾದ. ಇದರಲ್ಲಿ ಜಗಳ ಹುಡುಕಬೇಡಿ. ಹೀಗೆ ಬೇರೆ ಆಗೋ ಹಕ್ಕು ಮುಕ್ತ ತಂತ್ರಾಂಶದ ಪರವಾನಗಿಯಲ್ಲೇ ಇದೆ.

ಕೊನೆಗೆ 2015ರ ನವೆಂಬರ್ 19ಕ್ಕೆ ಡ್ರುಪಲ್ 8 ಬಿಡುಗಡೆ ಆಯ್ತು. ಯೋಜನೆ ಹೇಳಿ ನಾಲ್ಕೂವರೆ ವರ್ಷ ದಾಟಿತ್ತು. ಕೈ ಹಾಕಿದವರು 3,000ಕ್ಕೂ ಹೆಚ್ಚು. ಮೂರೇ ತಿಂಗಳಿಗೆ, 2016ರ ಫೆಬ್ರವರಿಯಲ್ಲಿ, ಮುಂಬೈನ ಐಐಟಿಯಲ್ಲಿ ಡ್ರುಪಲ್‌ನ ಏಷ್ಯಾ ಸಮ್ಮೇಳನ ನಡೀತು.

ಸಂಭ್ರಮ ಸರಿ. ಆದ್ರೆ ಏಳರಲ್ಲಿದ್ದವರು? ತುಂಬಾ ಜನ ಹೊರಡಲೇ ಇಲ್ಲ. ಸ್ವಂತ ತಂತ್ರಜ್ಞರು ಇರೋ ದೊಡ್ಡ ಕಂಪನಿಗಳು ಹೋದ್ವು. ಶಾಲೆ, ಸಂಘ, ಸಾಹಿತ್ಯದ ತಾಣ ನಡೆಸೋರು ಎಲ್ಲಿಂದ ತರಬೇಕು ಆ ದುಡ್ಡು? ಏಳರ ಬೆಂಬಲ 2021ರ ನವೆಂಬರ್‌ಗೆ ಮುಗೀಬೇಕಿತ್ತು. ಮುಂದೂಡಿದ್ರು, ಮತ್ತೆ ಮುಂದೂಡಿದ್ರು, 2025ರ ಜನವರಿ 5ಕ್ಕೆ ಮುಗಿಸಿದ್ರು. ಎಂಟರ ಬೆಂಬಲ 2021ರ ನವೆಂಬರ್‌ನಲ್ಲೇ ನಿಂತಿತ್ತು. ಅಂದ್ರೆ ತಮ್ಮ ಹೋಗಿ ಮೂರು ವರ್ಷ ಆದ ಮೇಲೆ ಅಣ್ಣ ಹೋದ!

ಈ ಅನುಭವದಿಂದ ಯೋಜನೆ ಮಾಡೋ ರೀತಿನೇ ಬದಲಾಯ್ತು. ಎಲ್ಲ ಕೂಡಿಟ್ಟು ಒಮ್ಮೆಲೇ ಕೊಡೋದು ಬಿಟ್ಟು, ಎಂಟರಿಂದ ಆರಾರು ತಿಂಗಳಿಗೆ ಸಣ್ಣ ಆವೃತ್ತಿ ಕೊಡೋಕೆ ಶುರು ಮಾಡಿದ್ರು. ‘ಈ ಕೋಡ್ ಮುಂದೆ ತೆಗೀತೀವಿ’ ಅಂತ ಮೊದಲೇ ಎಚ್ಚರಿಕೆ. 2020ರ ಜೂನ್ 3ಕ್ಕೆ ಬಂದ ಒಂಬತ್ತರಲ್ಲಿ ದೊಡ್ಡ ಅಚ್ಚರಿ ಏನೂ ಇರಲಿಲ್ಲ. ಹೆಚ್ಚುಕಡಿಮೆ ಎಂಟರ ಕೊನೆ ಆವೃತ್ತಿಯೇ, ಹಳೇ ಕಸ ತೆಗೆದು, ಒಳಗಿನ ಭಾಗಗಳನ್ನ ಹೊಸದು ಮಾಡಿ ಕೊಟ್ಟಿದ್ದು. ಅದನ್ನೇ ಅವರು ಗೆಲುವು ಅಂತ ಹೇಳ್ಕೊಂಡ್ರು.

ನನಗೆ ಈ ಇತಿಹಾಸ ಯಾಕೆ ಮುಖ್ಯ ಅಂದ್ರೆ, ಹೊಸ ಆವೃತ್ತಿಯ ಯೋಜನೆಯಲ್ಲಿ ಏನೇನು ಸೇರಿಸ್ತಾರೆ ಅಂತ ಎಲ್ರೂ ಕೇಳ್ತಾರೆ. ಹಳಬರು ಅಲ್ಲಿಗೆ ಹೇಗೆ ಬರ್ತಾರೆ ಅಂತ ಕೇಳೋರು ಕಡಿಮೆ. ಇಂಗ್ಲಿಷಿನಲ್ಲಿ ಒಂದು ತಾಣ ಮುಚ್ಚಿದ್ರೆ ಅದೇ ವಿಷಯ ಇನ್ನೂ ಹತ್ತು ಕಡೆ ಸಿಗಬಹುದು. ಕನ್ನಡದಲ್ಲಿ ಎಷ್ಟೋ ಬರಹ ಇರೋದು ಒಂದೇ ಕಡೆ. ತಾಣ ಸಾಗಿಸೋಕೆ ಆಗಲಿಲ್ಲ ಅಂದ್ರೆ ಆ ಬರಹನೂ ಹೋದ ಹಾಗೇ.

ನೀವು ಊರಿನ ಸಂಘಕ್ಕೋ, ಕಾಲೇಜಿಗೋ ತಾಣ ಮಾಡ್ತಿದ್ರೆ ಒಂದು ಕೆಲಸ ಮಾಡಿ. ಥೀಮ್ ಆರಿಸೋ ಮುಂಚೆ, ಬರಹವನ್ನೆಲ್ಲ ಹೊರಗೆ ತೆಗೆಯೋ ದಾರಿ ಇದೆಯಾ ನೋಡಿ. ಇದ್ರೆ ಈ ವಾರವೇ ಒಂದು ಪ್ರತಿ ತೆಗೆದಿಡಿ, ತೆರೆದು ಕನ್ನಡ ಸರಿಯಾಗಿ ಕಾಣ್ತಿದೆಯಾ ಪರೀಕ್ಷೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.