ಮಂದ್ರ ಕಳೆಯದ ಒರಟು ದನಿ: ಬೇಸ್ ಓವರ್‌ಡ್ರೈವ್ ಪೆಡಲ್ ನಡೆದು ಬಂದ ದಾರಿ

ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. ಐದು ತಂತಿಯ ವಾದ್ಯದಲ್ಲಾದರೆ 30.9 ಸಲ. ಸಾಮಾನ್ಯ ಗಿಟಾರ್‌ನ ದಪ್ಪ ತಂತಿಯ ಕಂಪನ 82.4 ಹರ್ಟ್ಸ್, ಅಂದರೆ ನಾಲ್ಕು ತಂತಿಯ ಬೇಸ್‌ಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ. ದನಿಯನ್ನು ಬೇಕೆಂದೇ ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಬೇಸ್‌ಗೆಂದೇ ಬೇರೆ ಬೇಕಾದದ್ದು ಈ ಒಂದು ಸ್ಥಾಯಿಯ ಅಂತರದಿಂದ. ಗಿಟಾರ್‌ಗೆ ಮಾಡಿದ ಪೆಡಲನ್ನು ಬೇಸ್‌ಗೆ ಜೋಡಿಸಿದರೆ ದನಿ ಒರಟಾಗುವುದರ ಜೊತೆಗೆ ತೆಳ್ಳಗೂ ಆಗುತ್ತದೆ. ಹಾಡಿಗೆ ನೆಲಗಟ್ಟಾಗಬೇಕಿದ್ದ ಮಂದ್ರವೇ ಕರಗಿಹೋಗುತ್ತದೆ.

ಆದರೆ ದನಿ ಒಡೆಯುವ ಫಜ್ ಪೆಡಲ್‌ನ ಚರಿತ್ರೆ ಆರಂಭವಾದದ್ದು ಮಂದ್ರದ ವಾದ್ಯದಿಂದಲೇ. 1960ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆದಿತ್ತು. ಮಿಕ್ಸಿಂಗ್ ಕನ್ಸೋಲ್‌ನ ಟ್ರಾನ್ಸ್‌ಫಾರ್ಮರ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬೇಸ್ ಸೀಳುದನಿಯಲ್ಲಿ ಕೇಳಿಸಿತು. ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನು ಮರೆಯಲಿಲ್ಲ. ರೆವಿಸ್ ಹಾಬ್ಸ್ ಜೊತೆ ಸೇರಿ ಅದೇ ದನಿ ಕೊಡುವ ಟ್ರಾನ್ಸಿಸ್ಟರ್ ಸರ್ಕ್ಯೂಟ್ ರೂಪಿಸಿದ. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮ್ಯಾಸ್ಟ್ರೋ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್ಫ್ಯಾಕ್ಷನ್’ ಬಂದ ಮೇಲೆ ಫಜ್ ಗಿಟಾರ್‌ನ ಸ್ವತ್ತಾಯಿತು. ಬೇಸ್ ಹಿಂದೆ ಉಳಿಯಿತು.

ಅದೇ ವರ್ಷ ಲಂಡನ್‌ನಲ್ಲಿ ನಡೆದ ಇನ್ನೊಂದು ಧ್ವನಿಮುದ್ರಣ ಈ ಚರಿತ್ರೆಗೆ ಹೆಚ್ಚು ಮುಖ್ಯ. ಬೀಟಲ್ಸ್‌ನ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿಗೆ ಪಾಲ್ ಮೆಕಾರ್ಟ್ನಿ ಮೊದಲು ಬೇಸ್ ಅನ್ನು ಎಂದಿನಂತೆ ನುಡಿಸಿ, ಅದರ ಮೇಲೆ ಫಜ್ ಬೇಸ್ ಅನ್ನು ಪ್ರತ್ಯೇಕವಾಗಿ ಸೇರಿಸಿದ. ಕೆಳಗಿನ ಪದರ ತೂಕ ಕೊಟ್ಟಿತು, ಮೇಲಿನದು ಗುರುಗುಟ್ಟಿತು. ಮುಂದೆ ಪೆಡಲ್ ತಯಾರಕರು ಒಂದು ಗುಂಡಿಯೊಳಗೆ ಅಡಗಿಸಿದ ಉಪಾಯದ ಬೀಜ ಇಲ್ಲಿದೆ. ಯೆಸ್ ತಂಡದ ಕ್ರಿಸ್ ಸ್ಕ್ವೈರ್ ಆ ಉಪಾಯವನ್ನು ವೇದಿಕೆಗೆ ತಂದ: ರಿಕನ್‌ಬ್ಯಾಕರ್ ಬೇಸ್‌ನ ಎರಡು ಪಿಕಪ್‌ಗಳನ್ನು ಬೇರ್ಪಡಿಸಿ, ತಗ್ಗಿನ ದನಿಯನ್ನು ಬೇಸ್ ಆಂಪ್ಲಿಫೈಯರ್‌ಗೂ ಮೇಲಿನ ದನಿಯನ್ನು ಗಿಟಾರ್ ಆಂಪ್ಲಿಫೈಯರ್‌ಗೂ ಕಳಿಸಿದ. ಬೇಸ್ ವಾದಕ ಬಿಲ್ಲಿ ಶೀಹನ್ ಕೂಡ ತನ್ನ ಬೇಸ್‌ಗೆ ಎರಡು ಔಟ್‌ಪುಟ್ ಇರಿಸಿಕೊಂಡ.

ಮಂದ್ರ ಸೋರುವುದು ಎಲ್ಲಿ ಎಂಬುದು ಸರ್ಕ್ಯೂಟ್ ಬಿಡಿಸಿ ನೋಡಿದರೆ ತಿಳಿಯುತ್ತದೆ. 1970ರ ದಶಕದ ಕೊನೆಯಲ್ಲಿ ಜಪಾನ್‌ನಲ್ಲಿ ರೂಪುಗೊಂಡ ಗಿಟಾರ್ ಪೆಡಲ್ ಐಬನೆಜ್ ಟ್ಯೂಬ್ ಸ್ಕ್ರೀಮರ್ ಇದಕ್ಕೆ ಒಳ್ಳೆಯ ಉದಾಹರಣೆ. ಸಂಕೇತವನ್ನು ಹಿಗ್ಗಿಸುವ ಅದರ ಆಪ್-ಆಂಪ್ ಹಂತದಲ್ಲಿ 4.7 ಕಿಲೋ ಓಮ್ ರೆಸಿಸ್ಟರ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಯಾಗಿವೆ. ಇವೆರಡೂ ಸೇರಿ 720 ಹರ್ಟ್ಸ್‌ನಲ್ಲಿ ಗಡಿ ಎಳೆಯುತ್ತವೆ. ಡ್ರೈವ್ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಆ ಗಡಿಯ ಮೇಲೆ ಸಂಕೇತ ಹೆಚ್ಚೆಂದರೆ 118 ಪಟ್ಟು ಹಿಗ್ಗಬಹುದು. 41 ಹರ್ಟ್ಸ್‌ನಲ್ಲಿ ಏಳು ಪಟ್ಟಿನ ಹತ್ತಿರ ನಿಲ್ಲುತ್ತದೆ. ಇದು ಎಡವಟ್ಟಲ್ಲ, ಬೇಕೆಂದೇ ಮಾಡಿದ್ದು. ಗಿಟಾರ್‌ಗೆ ಅದು ಸರಿಯಾದ ಆಯ್ಕೆಯೂ ಹೌದು.

ಕೆಪಾಸಿಟರ್ ಬದಲಿಸಿ 0.47 ಮೈಕ್ರೋಫ್ಯಾರಡ್ ಹಾಕಿದರೆ ಗಡಿ 72 ಹರ್ಟ್ಸ್‌ಗೆ ಇಳಿಯುತ್ತದೆ. ಮನೆಯಲ್ಲಿ ಪೆಡಲ್ ಕಟ್ಟುವವರಿಗೆ ಮೊದಲು ಹೊಳೆಯುವುದು ಇದೇ, ಮೊದಲು ನಿರಾಸೆ ತರುವುದೂ ಇದೇ. ಮಂದ್ರದ ಅಲೆ ದೊಡ್ಡದು. ಅದು ಅಲೆಯ ತುದಿ ಕತ್ತರಿಸಿ ದನಿ ಒಡೆಯುವ ಡಯೋಡ್‌ಗಳಿಗೆ ತಾಗಿ ಚಪ್ಪಟೆಯಾದಾಗ ಅದರ ಬೆನ್ನ ಮೇಲೆ ಕುಳಿತ ಸಣ್ಣ ಅಲೆಗಳೂ ಕತ್ತರಿಸಿಹೋಗುತ್ತವೆ. ಎರಡು ಸ್ವರ ಒಟ್ಟಿಗೆ ನುಡಿಸಿದರೆ ಪಾಡು ಇನ್ನೂ ಕಷ್ಟ. 41.2 ಮತ್ತು 61.7 ಹರ್ಟ್ಸ್ ಸ್ವರಗಳು ಸೇರಿದಾಗ ಅವುಗಳ ವ್ಯತ್ಯಾಸವಾದ 20.5 ಹರ್ಟ್ಸ್ ಹೊಸದಾಗಿ ಹುಟ್ಟುತ್ತದೆ. ಅದು ಸ್ವರವಾಗಿ ಕೇಳಿಸದೆ ಕೆಸರಿನಂತೆ ಹರಡುತ್ತದೆ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್‌ನಲ್ಲಿ ಅಲೆಯನ್ನು ತಡೆಯುವುದರಿಂದ, ತಂತಿಯನ್ನು ಎಷ್ಟು ಜೋರಾಗಿ ಮೀಟಿದರೂ ಮೂಲಸ್ವರ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಬೆರಳಿನ ಏಟಿನ ಗುದ್ದು ಮಾಯವಾಗುತ್ತದೆ.

ಹೀಗಾಗಿ ಮಂದ್ರವನ್ನು ಡಯೋಡ್‌ಗಳ ಬಳಿಗೇ ಬಿಡದೆ ಬೇರೆ ದಾರಿಯಲ್ಲಿ ಸಾಗಿಸುವುದು ನಿಜವಾದ ಪರಿಹಾರವಾಯಿತು. ಒಳಬಂದ ಸಂಕೇತವನ್ನು ಬಫರ್ ದಾಟಿಸಿ ಇಬ್ಭಾಗ ಮಾಡಿ, ಒಂದನ್ನು ಒಡೆದು, ಇನ್ನೊಂದನ್ನು ಹಾಗೇ ಉಳಿಸಿ, ಕೊನೆಗೆ ಬೆರೆಸುವುದು. 1994ರಲ್ಲಿ ಬಾಸ್ ಕಂಪನಿ ತಂದ ಒಡಿಬಿ-3 ಪೆಡಲ್‌ನಲ್ಲಿ ಈ ಕೆಲಸಕ್ಕೆ ಬ್ಯಾಲೆನ್ಸ್ ಗುಂಡಿ ಇತ್ತು. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಅದನ್ನು ಬ್ಲೆಂಡ್ ಎಂದು ಕರೆಯಿತು. 2009ರಲ್ಲಿ ಹೆಲ್ಸಿಂಕಿಯಲ್ಲಿ ಆರಂಭವಾದ ಡಾರ್ಕ್‌ಗ್ಲಾಸ್ ಸಂಸ್ಥೆಯ ಬಿ3ಕೆ ಕೂಡ ಇದೇ ದಾರಿ ಹಿಡಿಯಿತು.

ಬೆರೆಸುವುದು ಕಾಣುವಷ್ಟು ಸುಲಭವಲ್ಲ. ಒಡೆದ ದಾರಿಯಲ್ಲಿ ಅಲೆಯನ್ನು ತಿರುಗುಮುರುಗು ಮಾಡುವ ಹಂತಗಳು ಬೆಸ ಸಂಖ್ಯೆಯಲ್ಲಿದ್ದರೆ ಒಂದರ ಏರು ಇನ್ನೊಂದರ ಇಳಿತವನ್ನು ನುಂಗುತ್ತದೆ. ಉಳಿಸಹೊರಟ ಮಂದ್ರವೇ ಆಗ ಅಳಿಯುತ್ತದೆ. ಫಿಲ್ಟರ್‌ಗಳೂ ಅಲೆಯನ್ನು ಅಷ್ಟಿಷ್ಟು ಹಿಂದೆಮುಂದೆ ಸರಿಸುತ್ತವೆ. ಲೌಡ್‌ಸ್ಪೀಕರ್‌ಗಳಿಗಾಗಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ವಿವರಿಸಿದ, ಲಿಂಕ್‌ವಿಟ್ಜ್-ರೈಲಿ ಎಂದು ಹೆಸರಾದ ವಿಭಜನೆ ಇಲ್ಲಿ ನೆರವಾಗುತ್ತದೆ: ಗಡಿಯಲ್ಲಿ ಎರಡೂ ಭಾಗ ಆರಾರು ಡೆಸಿಬೆಲ್ ತಗ್ಗಿದ್ದು, ಹೆಜ್ಜೆ ತಪ್ಪದೆ ಕೂಡಿಕೊಳ್ಳುತ್ತವೆ. ಶುದ್ಧ ದಾರಿಗೆ ವಿದ್ಯುತ್ತೂ ಧಾರಾಳವಾಗಿ ಬೇಕು. 9 ವೋಲ್ಟ್‌ನಲ್ಲಿ ಜೋರು ಏಟಿನ ಮಂದ್ರ ಆಪ್-ಆಂಪ್‌ನ ಮಿತಿಗೆ ತಾಗಿ ಅಲ್ಲೂ ಒಡೆಯಬಹುದು. 18 ವೋಲ್ಟ್ ಕೊಟ್ಟರೆ ಉಸಿರಾಡಲು ಜಾಗ ಸಿಗುತ್ತದೆ.

ಹೊಸದಾಗಿ ಕಟ್ಟುವವರು ಪೆಡಲನ್ನು ಡಬ್ಬಿಯೊಳಗೆ ಕೂರಿಸುವ ಮುನ್ನ, ಅತಿ ದಪ್ಪ ತಂತಿಯನ್ನು ಮೀಟುತ್ತ ಬ್ಲೆಂಡ್ ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸಿ ಕೇಳಬೇಕು. ನಡುವೆ ಎಲ್ಲಾದರೂ ಮಂದ್ರ ಬತ್ತಿದರೆ, ಎರಡು ದಾರಿಗಳಲ್ಲಿ ಒಂದು ತಲೆಕೆಳಗಾಗಿದೆಯೇ ಎಂದು ಮೊದಲು ನೋಡಬೇಕು.