ಪ್ಲಗ್ಗಿನ ತಿರುಪು

1980ರ ದಶಕದಲ್ಲಿ ನನ್ನ ತರಗತಿಯಲ್ಲಿ ಕುಳಿತವರಿಗೆ ನನ್ನ ಪ್ರೀಮಿಯರ್ ಪದ್ಮಿನಿ ಕಾರು ನೆನಪಿರಬಹುದು. ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಆ ಕಾರನ್ನು ಊರಿನವರೆಲ್ಲ ‘ಫಿಯೆಟ್’ ಎಂದೇ ಕರೆಯುತ್ತಿದ್ದರು. ಅದು ತಪ್ಪೂ ಅಲ್ಲ. ಇಟಲಿಯ ಫಿಯೆಟ್ 1100 ಕಾರನ್ನೇ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ಆ ಹೆಸರಿನಿಂದ ತಯಾರಿಸುತ್ತಿತ್ತು. 1986ರ ಬೇಸಗೆಯಲ್ಲಿ ಎಂಜಿನ್ ಒಂದೇ ಸಮನೆ ಓಡದೆ ಕೆಮ್ಮತೊಡಗಿದಾಗ ಕಾರನ್ನು ಗ್ಯಾರೇಜಿಗೆ ಒಯ್ದೆ. ಅಲ್ಲಿ ಕೆಲಸ ಕಲಿಯುತ್ತಿದ್ದ, ನನ್ನ ಒಂಬತ್ತನೆಯ ತರಗತಿಯ ಹುಡುಗರ ವಯಸ್ಸಿನವನೊಬ್ಬ ಸ್ಪಾರ್ಕ್ ಪ್ಲಗ್ ಬಿಚ್ಚಲು ನಿಂತ. ಮೊದಲನೆಯದೇ ಬಲು ಬಿಗಿಯಾಗಿತ್ತು. ಕಿರ್ರೆಂದು ಸದ್ದು ಮಾಡುತ್ತ ಕೊನೆಗೆ ಅದು ಹೊರಬಂದಾಗ ತಿರುಪಿನ ಸಂದುಗಳಲ್ಲಿ ಹೊಳೆಯುವ ಅಲ್ಯೂಮಿನಿಯಮ್ ಎಳೆಗಳು ಸುತ್ತಿಕೊಂಡಿದ್ದವು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ, ಹೆಡ್ಡಿನ ಥ್ರೆಡ್ ಹೋಗಿತ್ತು. ಹೊಸ ಪ್ಲಗ್ ಹಾಕಿದರೆ ಅದು ಸುಮ್ಮನೆ ತಿರುಗುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ.

ನಾನು ಆ ಹುಡುಗನನ್ನು ಎಲ್ಲರೆದುರು ಬೈದೆ. ಮೂವತ್ತು ಮಕ್ಕಳ ಮುಂದೆ ಗದರುವುದು ರೂಢಿಯಾದವನಿಗೆ ಮಾತಿಗೇನೂ ಕೊರತೆಯಿರಲಿಲ್ಲ. “ನಾನು ಜೋರು ಮಾಡ್ಲಿಲ್ಲ ಸಾರ್” ಎಂದು ಅವನು ಮೆಲ್ಲನೆ ಹೇಳಿದ್ದು ಕೇಳಿಸಿತು. ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಪ್ರಸಂಗದ ಉಳಿದ ಭಾಗವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಆ ಪುಟ್ಟ ತಿರುಪಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ತಪ್ಪು ಯಾರದೆಂಬುದು ಅದರಲ್ಲಿಯೇ ಅಡಗಿದೆ.

ಇನ್ನೂರು ವರ್ಷಗಳ ಹಿಂದೆ ಬೋಲ್ಟು ಮತ್ತು ನಟ್ಟು ಗಂಡಹೆಂಡಿರಂತೆ ಜೋಡಿಯಾಗಿಯೇ ಇರಬೇಕಾಗಿತ್ತು. ಒಂದು ಕಮ್ಮಟದಲ್ಲಿ ಮಾಡಿದ ಬೋಲ್ಟು ಇನ್ನೊಂದು ಕಮ್ಮಟದ ನಟ್ಟಿಗೆ ಕೂಡುತ್ತಿರಲಿಲ್ಲ. ಲಂಡನ್ನಿನ ಹೆನ್ರಿ ಮಾಡ್ಸ್‌ಲಿ 1800ರ ಆಸುಪಾಸಿನಲ್ಲಿ ಸಿದ್ಧಪಡಿಸಿದ ಲೇತ್ ಯಂತ್ರದಿಂದ ಒಂದೇ ಅಳತೆಯ ತಿರುಪನ್ನು ಮತ್ತೆ ಮತ್ತೆ ಕತ್ತರಿಸುವುದು ಸಾಧ್ಯವಾಯಿತು. ಅವನ ಕಾರ್ಖಾನೆಯಲ್ಲಿ ದುಡಿದ ಜೋಸೆಫ್ ವ್ಹಿಟ್‌ವರ್ತ್, 1841ರಲ್ಲಿ ಇಡೀ ಇಂಗ್ಲೆಂಡಿಗೆ ಒಂದೇ ಮಾದರಿಯ ತಿರುಪು ಇರಲಿ ಎಂಬ ಪ್ರಸ್ತಾಪವನ್ನು ಎಂಜಿನಿಯರುಗಳ ಮುಂದಿಟ್ಟನು. ತಿರುಪಿನ ಹಲ್ಲಿನ ಕೋನ 55 ಡಿಗ್ರಿ ಎಂದು ಅವನು ಗೊತ್ತುಮಾಡಿದನು. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿಯೇ ಮಾಡಲು ಸುಲಭ ಎಂದು ಬೇರೊಂದು ಪದ್ಧತಿಯನ್ನು ಮುಂದಿಟ್ಟನು. ಯೂರೋಪಿನ ದೇಶಗಳು 1898ರಲ್ಲಿ ಜ್ಯೂರಿಕ್ ನಗರದಲ್ಲಿ ಸೇರಿ, 60 ಡಿಗ್ರಿ ಕೋನವನ್ನೇ ಉಳಿಸಿಕೊಂಡು ಮಿಲಿಮೀಟರ್ ಲೆಕ್ಕದ ತಿರುಪನ್ನು ಒಪ್ಪಿಕೊಂಡವು.

ಸ್ಪಾರ್ಕ್ ಪ್ಲಗ್ ಹುಟ್ಟಿದ್ದು ಈ ಒಪ್ಪಂದಗಳ ನಡುವೆಯೇ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಎತಿಯೆನ್ ಲೆನ್ವಾರ್ ತನ್ನ ಅನಿಲ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ್ದನು. 1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್, ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಪ್ಲಗ್ ಎರಡನ್ನೂ ರೂಪಿಸಿದ ಮೇಲೆ ಅದು ವಾಹನಗಳಲ್ಲಿ ನೆಲೆನಿಂತಿತು. ಆದರೂ ಅಳತೆಯ ಗೊಂದಲ ಬಹಳ ಕಾಲ ಉಳಿಯಿತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಪ್ಲಗ್ಗಿಗೆ ನೀರಿನ ಕೊಳವೆಗಿರುವಂಥ ಅರ್ಧ ಇಂಚಿನ ತಿರುಪಿತ್ತು. ಕ್ರಮೇಣ 18 ಮಿಲಿಮೀಟರ್, ಆಮೇಲೆ 14 ಮಿಲಿಮೀಟರ್ ಅಳತೆ ರೂಢಿಗೆ ಬಂದಿತು. ಇಂಚನ್ನು ಬಿಡಲೊಲ್ಲದ ಅಮೆರಿಕವೂ ಪ್ಲಗ್ಗಿನ ಮಟ್ಟಿಗೆ ಮಿಲಿಮೀಟರನ್ನು ಒಪ್ಪಿಕೊಂಡಿತು! 14 ಮಿಲಿಮೀಟರ್ ವ್ಯಾಸ, ಒಂದು ಸುತ್ತಿಗೆ 1.25 ಮಿಲಿಮೀಟರ್ ಮುನ್ನಡೆ: ಈ ಒಂದು ಒಪ್ಪಂದದಿಂದಾಗಿಯೇ ಇಟಲಿಯ ವಿನ್ಯಾಸದ ಎಂಜಿನ್ನಿಗೆ ನಮ್ಮ ಊರಿನ ಅಂಗಡಿಯಲ್ಲಿ ಕೊಂಡ ಪ್ಲಗ್ ಸರಿಯಾಗಿ ಕೂಡುತ್ತಿತ್ತು.

ಹಾಗಾದರೆ ತೊಂದರೆ ಎಲ್ಲಿಂದ ಬಂತು? ಲೋಹದಿಂದ. ಮಾಡೆಲ್ ಟಿ ಕಾರಿನ ಹೆಡ್ಡು ಎರಕದ ಕಬ್ಬಿಣದ್ದು. ನಮ್ಮ ಅಂಬಾಸಡರ್ ಕಾರಿನ ಪೆಟ್ರೋಲ್ ಎಂಜಿನ್ನಿನದೂ ಅಷ್ಟೆ. ಉಕ್ಕಿನ ಪ್ಲಗ್ಗಿಗೆ ಕಬ್ಬಿಣದ ತೂತು ಸರಿಸಮಾನ ಜೋಡಿ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅಲ್ಯೂಮಿನಿಯಮ್ ತೆಗೆಯುವ ವಿಧಾನವನ್ನು ಕಂಡುಹಿಡಿದ ಮೇಲೆ ಆ ಲೋಹ ಅಗ್ಗವಾಯಿತು. ಅದು ಹಗುರ, ಶಾಖವನ್ನು ಕಬ್ಬಿಣಕ್ಕಿಂತ ಬೇಗ ಸಾಗಿಸುತ್ತದೆ. ಎಂಜಿನ್ನಿನ ಹೆಡ್ಡಿಗೆ ಇದಕ್ಕಿಂತ ಒಳ್ಳೆಯದು ಬೇರೇನಿದೆ? ಫಿಯೆಟ್ ತನ್ನ 1100 ಕಾರಿಗೆ ಅಲ್ಯೂಮಿನಿಯಮ್ ಹೆಡ್ಡನ್ನೇ ಇಟ್ಟಿತು. ಆದರೆ ಆ ಲೋಹ ಮೃದು, ಮತ್ತು ಕಾದಾಗ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬದಲಾಯಿಸಿ ಎಸೆಯುವ ಅಗ್ಗದ ಪ್ಲಗ್ ಗಟ್ಟಿ. ಉಳಿಸಿಕೊಳ್ಳಬೇಕಾದ ದುಬಾರಿ ಹೆಡ್ಡು ಮೆತ್ತಗೆ. ಇಬ್ಬರ ಜಗಳದಲ್ಲಿ ಸೋಲುವುದು ಯಾವಾಗಲೂ ಹೆಡ್ಡೇ.

ಈ ಜೋಡಿಯ ಮೇಲೆ ಬೀಳುವ ಹೊರೆಯೂ ಸಾಮಾನ್ಯವಲ್ಲ. ಒಳಗೆ ಇಂಧನ ಹೊತ್ತಿದಾಗ ಒತ್ತಡ ಒಂದು ಚದರ ಸೆಂಟಿಮೀಟರಿಗೆ 40 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. 14 ಮಿಲಿಮೀಟರ್ ವ್ಯಾಸದ ಪ್ಲಗ್ಗನ್ನು ಹೊರದೂಡುವ ಬಲ ಸುಮಾರು 60 ಕಿಲೋಗ್ರಾಂ. ಒಬ್ಬ ಮನುಷ್ಯನ ತೂಕ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಪ್ರತಿ ಪ್ಲಗ್ಗಿಗೂ ಈ ಏಟು ನಿಮಿಷಕ್ಕೆ 2000 ಸಲ ಬೀಳುತ್ತದೆ. ಅದನ್ನು ತಡೆದು ನಿಲ್ಲುವುದು ಕೆಲವು ಪುಟ್ಟ ಅಲ್ಯೂಮಿನಿಯಮ್ ಹಲ್ಲುಗಳು.

ಈ ಸಮಸ್ಯೆಯನ್ನು ಮೊದಲು ತೀವ್ರವಾಗಿ ಎದುರಿಸಿದವರು ಕಾರಿನವರಲ್ಲ, ವಿಮಾನದವರು. ಎರಡನೆಯ ಮಹಾಯುದ್ಧದ ಕಾಲದ ಕ್ಯಾಟಲೀನಾ ವಿಮಾನವನ್ನೇ ನೋಡಿ. ನೀರಿನ ಮೇಲೆ ಇಳಿಯಬಲ್ಲ ಈ ವಿಮಾನಗಳು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಇಳಿದು, ದುರಸ್ತಿಗಾಗಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬರುತ್ತಿದ್ದವು. 1940ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಕ್ಯಾಟಲೀನಾಕ್ಕೆ ಎರಡು ಎಂಜಿನ್. ಒಂದೊಂದಕ್ಕೂ 14 ಸಿಲಿಂಡರ್. ಪ್ರತಿ ಸಿಲಿಂಡರಿಗೆ ಎರಡು ಪ್ಲಗ್. ಒಟ್ಟು 56 ಪ್ಲಗ್, ಎಲ್ಲವೂ ಅಲ್ಯೂಮಿನಿಯಮ್ ಹೆಡ್ಡಿನಲ್ಲಿ! ಅವನ್ನು ಬಿಚ್ಚಿ ಹಾಕುವ ಪ್ರತಿ ಸಲವೂ ತಿರುಪು ಸವೆಯುತ್ತದೆ. ಇದಕ್ಕೆ ವಿಮಾನದ ಎಂಜಿನಿಯರುಗಳು ಕಂಡುಕೊಂಡಿದ್ದ ಹಳೆಯ ಉಪಾಯವೆಂದರೆ ತೂತಿನೊಳಗೆ ಕಂಚಿನ ಬುಷ್ ಕೂರಿಸುವುದು. 1930ರ ದಶಕದ ಕೊನೆಗೆ ಅಮೆರಿಕದಲ್ಲಿ ಇನ್ನೊಂದು ಉಪಾಯ ರೂಪುಗೊಂಡಿತು. ವಜ್ರಾಕೃತಿಯ ಅಡ್ಡಕೊಯ್ತವಿರುವ ಗಟ್ಟಿ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ, ತೂತಿಗೆ ತುಸು ದೊಡ್ಡ ತಿರುಪು ಕೊರೆದು, ಅದರೊಳಗೆ ಈ ಸುರುಳಿಯನ್ನು ಕೂರಿಸುವುದು. ಸುರುಳಿಯ ಹೊರಮೈ ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಳ್ಳುತ್ತದೆ. ಒಳಮೈ ಪ್ಲಗ್ಗಿಗೆ ಮೊದಲಿನ ಅಳತೆಯ ತಿರುಪಾಗುತ್ತದೆ. ‘ಹೆಲಿಕಾಯ್ಲ್’ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು.

ಇದರ ಸ್ವಾರಸ್ಯ ಇಷ್ಟೇ. ಸುರುಳಿಯ ವ್ಯಾಸ ಪ್ಲಗ್ಗಿಗಿಂತ ದೊಡ್ಡದಾದ್ದರಿಂದ ಹೊರೆ ಹೆಚ್ಚು ಅಲ್ಯೂಮಿನಿಯಮ್ಮಿನ ಮೇಲೆ ಹಂಚಿಹೋಗುತ್ತದೆ. ಇನ್ನು ಮುಂದೆ ಪ್ಲಗ್ ತಿರುಗುವುದು ಉಕ್ಕಿನೊಡನೆ, ಮೆತ್ತನೆಯ ಲೋಹದೊಡನೆ ಅಲ್ಲ. ಹೀಗಾಗಿ ಸರಿಯಾಗಿ ರಿಪೇರಿಯಾದ ತಿರುಪು ಹೊಸತರಲ್ಲಿದ್ದುದಕ್ಕಿಂತ ಗಟ್ಟಿ. ಮುರಿದದ್ದು ಮೊದಲಿಗಿಂತ ಬಲವಾಗುವ ಇಂಥ ಪ್ರಸಂಗ ಯಂತ್ರಲೋಕದಲ್ಲಿ ಅಪರೂಪ.

ಅದೇ ಯುದ್ಧ ಇನ್ನೊಂದು ಪಾಠವನ್ನೂ ಕಲಿಸಿತು. ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಲು ಹೊರಟಾಗ 55 ಮತ್ತು 60 ಡಿಗ್ರಿಗಳ ಹಳೆಯ ಭಿನ್ನಾಭಿಪ್ರಾಯ ಅಡ್ಡಬಂತು. ಬ್ರಿಟಿಷ್ ತಿರುಪು ಕೊರೆಯುವ ಉಪಕರಣಗಳನ್ನೇ ಅವರು ಹೊಸದಾಗಿ ಮಾಡಿಸಿಕೊಳ್ಳಬೇಕಾಯಿತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಬ್ರಿಟನ್, ಅಮೆರಿಕ ಮತ್ತು ಕೆನಡಾ 60 ಡಿಗ್ರಿಯ ಒಂದೇ ತಿರುಪಿಗೆ ಸಹಿ ಹಾಕಿದವು.

ಈಗ ಗ್ಯಾರೇಜಿಗೆ ಮರಳೋಣ. ಮಾರನೆಯ ದಿನ ಮಾಲೀಕರು ನನ್ನನ್ನು ಒಳಗೆ ಕರೆದರು. ಹೆಡ್ಡನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದರು. “ಮೇಷ್ಟ್ರೇ, ಉಳಿದ ಮೂರು ಪ್ಲಗ್ ನಾನೇ ತೆಗೆದೆ. ಅವೂ ಇಷ್ಟೇ ಬಿಗಿ. ವಾಷರ್ ನೋಡಿ, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿದೆ. ಹಿಂದಿನ ಸಲ ಇದನ್ನು ಹಾಕಿದವರು ಯಾರು?” ಎಂದು ಕೇಳಿದರು.

ಹಾಕಿದವನು ನಾನೇ. ಆರು ತಿಂಗಳ ಹಿಂದೆ ಒಂದು ಭಾನುವಾರ ಪ್ಲಗ್ಗುಗಳನ್ನು ಉಜ್ಜಿ ಸ್ವಚ್ಛಮಾಡಿ, ಸಡಿಲವಾಗದಿರಲಿ ಎಂದು ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಬಿಗಿದಿದ್ದೆ. ತೋಳು ಎರಡರಷ್ಟು ಉದ್ದವಾದರೆ ತಿರುಚುವ ಬಲವೂ ಎರಡರಷ್ಟಾಗುತ್ತದೆ ಎಂದು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಸನ್ನೆಯ ಚಿತ್ರ ಬರೆದು ಕಲಿಸುತ್ತಿದ್ದವನು ನಾನು. ಅಲ್ಯೂಮಿನಿಯಮ್ಮಿನ ಹಲ್ಲು ಅಂದೇ ಹರಿದಿತ್ತು. ಕಾಯುತ್ತ ಆರುತ್ತ ಆರು ತಿಂಗಳಲ್ಲಿ ಅದು ಪ್ಲಗ್ಗಿಗೆ ಕಚ್ಚಿಕೊಂಡು ಕುಳಿತಿತ್ತು. ಆ ಹುಡುಗನ ಕೈಗೆ ಬಂದದ್ದು ಅದರ ಫಲ ಮಾತ್ರ.

ಪೇಟೆಯ ಟರ್ನರ್ ಒಬ್ಬರು ತೂತನ್ನು ದೊಡ್ಡದು ಮಾಡಿ, ಒಳಗೂ ಹೊರಗೂ ತಿರುಪು ಕೊರೆದ ಉಕ್ಕಿನ ಬುಷ್ ಕೂರಿಸಿಕೊಟ್ಟರು. ಕಾರನ್ನು ಮಾರುವವರೆಗೂ ಆ ತಿರುಪು ಒಮ್ಮೆಯೂ ತೊಂದರೆ ಕೊಡಲಿಲ್ಲ. ಸ್ವಂತ ವಾಹನದ ಪ್ಲಗ್ಗನ್ನು ತಾವೇ ಬಿಚ್ಚುವ ಅಭ್ಯಾಸವಿರುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಹೇಳುವುದಿಷ್ಟು. ಎಂಜಿನ್ ಪೂರ್ತಿ ಆರಿದ ಮೇಲೆ ಬಿಚ್ಚಿ. ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಡೆ ಸಿಕ್ಕರೆ ಓರೆಯಾಗಿದೆ ಎಂದರ್ಥ, ಹಿಂದಕ್ಕೆ ತಿರುಗಿಸಿ ಮತ್ತೆ ಹಿಡಿಸಿ. ವಾಷರ್ ಇರುವ ಹೊಸ ಪ್ಲಗ್ಗಾದರೆ, ಬೆರಳಿನ ಬಿಗಿಯ ನಂತರ ಸ್ಪ್ಯಾನರಿನಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಾಕು. ಪೈಪು ಬೇಡವೇ ಬೇಡ.

ಕಾರು ತರಲು ಹೋದ ದಿನ ಹುಡುಗನನ್ನು ವಿಚಾರಿಸಿದೆ. ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದನಂತೆ. ಎಲ್ಲಿಯ ಊರೆಂದು ಮಾಲೀಕರಿಗೂ ಸರಿಯಾಗಿ ತಿಳಿದಿರಲಿಲ್ಲ. ತಪ್ಪು ನನ್ನದೆಂದು ಅವರೊಬ್ಬರ ಎದುರಿಗೆ ಹೇಳಿ ಬಂದೆ. ಆದರೆ ನಾನು ಬೈದದ್ದು ಹತ್ತು ಜನರ ಎದುರಿಗೆ. ಆ ಲೆಕ್ಕ ಇನ್ನೂ ಸರಿಹೋಗಿಲ್ಲವೆಂದೇ ಇದನ್ನು ನಿಮ್ಮೆಲ್ಲರ ಮುಂದೆ ಬರೆದಿದ್ದೇನೆ.